ದೀಪ ಹಚ್ಚುವ ಹೊತ್ತಿನ ಕ್ರಿಯಾಪದಗಳು

ನನ್ನ ಅಜ್ಜಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತಿರಲಿಲ್ಲ. ಆದರೂ ನಮ್ಮ ಮನೆಯಲ್ಲಿ ನನ್ನ ಇಂಗ್ಲಿಷಿಗೆ ಆಕೆಯೇ ಪರೀಕ್ಷಕಿ. ಯಾವ ಕ್ರಿಯಾಪದ ಹೊಸ್ತಿಲು ದಾಟಿ ಒಳಗೆ ಬರಬೇಕು, ಯಾವುದು ಹೊರಗೇ ನಿಲ್ಲಬೇಕು ಎಂದು ತೀರ್ಮಾನ ಮಾಡುತ್ತಿದ್ದವಳು ಆಕೆ. ಮುಂದೆ ನಾನೇ ಇಂಗ್ಲಿಷ್ ಕಲಿಸುವ ಶಿಕ್ಷಕಿಯಾದಾಗ ಈ ಮಾತು ಹೇಳಿದರೆ ಹುಡುಗಿಯರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಗಲಿ ಪಾಪ. ನನಗೆ ಮಾತ್ರ ಅದನ್ನು ನೆನೆದರೆ ಇವತ್ತಿಗೂ ನಗು ಬರುವುದಿಲ್ಲ.

ಬಾಗಲಕೋಟೆಯ ಹಳೇ ಊರಿನಲ್ಲಿ, ಹೊಳೆಯ ಕಡೆಗಿದ್ದ ಓಣಿಯಲ್ಲಿ ನಮ್ಮ ಮನೆ. ಈಗ ಅಲ್ಲಿ ಅಣೆಕಟ್ಟಿನ ಹಿನ್ನೀರು ನಿಂತಿದೆ. ಅಪ್ಪ ಕೋರ್ಟಿನಲ್ಲಿ ಕಾರಕೂನ. ದಿನವಿಡೀ ಬೇರೆಯವರ ಹೇಳಿಕೆಗಳನ್ನು ಬರೆದು ಬರೆದು ಮನೆಗೆ ಬರುವ ಹೊತ್ತಿಗೆ ಆತನ ಮಾತೆಲ್ಲ ತೀರಿಹೋಗಿರುತ್ತಿತ್ತು. ಅವ್ವ ಒಲೆಯ ಮುಂದೆ, ಅಜ್ಜಿ ದೇವರ ಮುಂದೆ. ನನಗಿಂತ ಆರೇಳು ವರ್ಷ ದೊಡ್ಡವಳಾದ ಅಕ್ಕನನ್ನು ಹುನಗುಂದಕ್ಕೆ ಕೊಟ್ಟಿದ್ದರು. ಆಗ ನಮ್ಮ ಸೀಮೆ ಇನ್ನೂ ಮುಂಬೈ ರಾಜ್ಯದಲ್ಲಿತ್ತು. ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಎಂಟನೇ ಇಯತ್ತೆಯಿಂದ. ಅದೂ ಬೇಕಾದರೆ ತೆಗೆದುಕೋ, ಬೇಡವಾದರೆ ಬಿಡು. ಆದರೆ ಬಿಟ್ಟವರಿಗೆ ಕಾಲೇಜಿನ ಬಾಗಿಲು ಮುಚ್ಚಿದ ಹಾಗೆಯೇ. ನಮ್ಮ ಓಣಿಯ ಹುಡುಗಿಯರೆಲ್ಲ ಸುಮ್ಮನೆ ಬಿಟ್ಟರು. ನಾನು ಎರಡು ಹೊತ್ತು ಊಟ ಬಿಟ್ಟು, ಹಟ ಹಿಡಿದು ತೆಗೆದುಕೊಂಡೆ.

ಇಂಗ್ಲಿಷ್ ಮಾಸ್ತರರು ಬೇವೂರಿನವರು. ಊರಲ್ಲಿ ಒಂದು ಕೋಣೆ ಹಿಡಿದಿದ್ದರು. ರಜೆ ಬಂತೆಂದರೆ ಸೈಕಲ್ ಏರಿ ಹೊಲಕ್ಕೆ ಓಡುವವರು. ಹೊಲದವರ ಗಟ್ಟಿ ದನಿ. ಒಂದೊಂದು ಕ್ರಿಯಾಪದಕ್ಕೂ ಮೂರು ರೂಪ, ಅವನ್ನು ಮಗ್ಗಿಯ ಹಾಗೆ ಕೂಗಿಸುತ್ತಿದ್ದರು. ಕಮ್, ಕೇಮ್, ಕಮ್. ಗಿವ್, ಗೇವ್, ಗಿವನ್. ನಮ್ಮ ಕೂಗು ರಸ್ತೆಯವರೆಗೆ ಕೇಳಿಸುತ್ತಿತ್ತು. ಕೂಗುವುದೇನೋ ಸುಲಭ. ಆದರೆ ಯಾವ ರೂಪ ಎಲ್ಲಿ ಹಾಕಬೇಕು? ಅಲ್ಲಿಯೇ ನಮ್ಮೆಲ್ಲರ ಬಂಡಿ ಹೂತುಕೊಳ್ಳುತ್ತಿತ್ತು. ಪುಸ್ತಕದಲ್ಲಿ ಅರ್ಥ ಕೊಟ್ಟದ್ದು 'ಬಂದನು', 'ಬಂದಿದ್ದಾನೆ' ಎಂದು. ಆ ಕನ್ನಡವೂ ನಮ್ಮ ಬಾಯಿಯದಲ್ಲ. ಮಾಸ್ತರರು ಪುಸ್ತಕ ಮುಚ್ಚಿಟ್ಟು ಹೇಳಿದರು:

"ನೋಡ್ರಿ, ಕೇಮ್ ಅಂದ್ರ ಬಂದಾ. ಬಂದಾ, ಅಲ್ಲಿಗಿ ಮುಗೀತು. ಈಗ ಎಲ್ಲಿ ಅದಾನೋ ಯಾಂವಗ ಗೊತ್ತು. ಹ್ಯಾಸ್ ಕಮ್ ಅಂದ್ರ ಬಂದಾನ. ಬಂದು ಒಳಗ ಕುಂತು ಚಾ ಕುಡ್ಯಾಕ ಹತ್ತ್ಯಾನ. ತಿಳೀತಿಲ್ಲೋ?"

ತಿಳಿಯಿತು. ಎಷ್ಟು ಚೆನ್ನಾಗಿ ತಿಳಿಯಿತೆಂದರೆ, ಆಮೇಲೆ ನಾನು ಓದಿದ ಯಾವ ದಪ್ಪ ವ್ಯಾಕರಣವೂ ಅದಕ್ಕಿಂತ ಚೆನ್ನಾಗಿ ತಿಳಿಸಲಿಲ್ಲ.

ಶಾಲೆಯಲ್ಲಿ ತಿಳಿದದ್ದನ್ನು ಮನೆಯಲ್ಲಿ ಬಾಯಿಪಾಠ ಮಾಡಬೇಕಲ್ಲ. ಸಂಜೆ ಪಡಸಾಲೆಯಲ್ಲಿ ಕೂತು ಶುರುಮಾಡಿದೆ. ಅಜ್ಜಿ ಪಕ್ಕದಲ್ಲೇ ಮಣೆಯ ಮೇಲೆ ಕೂತು ಹತ್ತಿ ಹೊಸೆದು ಹೂಬತ್ತಿ ಮಾಡುತ್ತಿದ್ದಳು.

"ಬ್ರೇಕ್, ಬ್ರೋಕ್, ಬ್ರೋಕನ್."

"ಏನ ಹಂಗಂದ್ರ?" ಅಜ್ಜಿ ಕೇಳಿದಳು.

"ಒಡಿಯೂದು, ಅಜ್ಜಿ."

ಅಜ್ಜಿಯ ಕೈಯಲ್ಲಿದ್ದ ಬತ್ತಿ ನಿಂತುಬಿಟ್ಟಿತು. "ಅಯ್ಯ, ದೀಪ ಹಚ್ಚೋ ಹೊತ್ತಿಗೆ ಒಡಿ, ಒಡಿ ಅಂತ ಕೂಗ್ತೀಯಲ್ಲ! ಅಸ್ತು ದೇವತಿಗಳು ತಲಿ ಮ್ಯಾಲೆ ಅಡ್ಡಾಡ್ತಿರ್ತಾವ. ಏನಂದ್ರೂ ಅಸ್ತು ಅಂತಾವ. ಬಿಡು ಅದನ್ನ. ಮುಂದಿಂದು ಹೇಳು."

ಮುಂದಿನದು ಫಾಲ್, ಫೆಲ್, ಫಾಲನ್. ಅರ್ಥ ಬೀಳುವುದು. ಅದೂ ಹೊರಗೆ. ಲೂಸ್, ಲಾಸ್ಟ್, ಲಾಸ್ಟ್. ಅರ್ಥ ಕಳೆದುಕೊಳ್ಳುವುದು. "ಛೀ ಛೀ, ಇಂಗ್ಲೀಷರಿಗೆ ಬ್ಯಾರೆ ಮಾತ ಇದ್ದಿಲ್ಲೇನ?" ಎಂದಳು. ಡೈ ಎಂಬುದರ ಅರ್ಥ ಕೇಳಿದ ದಿನವಂತೂ ದೇವರ ಮನೆಗೆ ಹೋಗಿ ತೀರ್ಥ ತಂದು ನನ್ನ ಬಾಯಿಗೆ ಹಾಕಿದಳು. ಗೋ, ವೆಂಟ್, ಗಾನ್ ಎಂಬುದಕ್ಕೆ ಮಾತ್ರ ಸ್ವಲ್ಪ ಯೋಚನೆ ಮಾಡಿ ಒಂದು ದಾರಿ ತೋರಿಸಿದಳು. ಮನೆಯಿಂದ ಹೊರಡುವವರು ಬರೀ 'ಹೋಗ್ತೇನಿ' ಅನ್ನಬಾರದು, 'ಹೋಗಿ ಬರ್ತೇನಿ' ಅನ್ನಬೇಕು. ಹಾಗೆಯೇ ಇದಕ್ಕೂ ಬರುವುದನ್ನು ಜೋಡಿಸಿಯೇ ಹೇಳಬೇಕು. ನಾನು ಹಾಗೆಯೇ ರೂಢಿಸಿಕೊಂಡೆ. ಒಂದು ದಿನ ಮಾಸ್ತರರು ತರಗತಿಯಲ್ಲಿ "ಗೋ?" ಎಂದು ಕೇಳಿದರು. ನಾನು ಎದ್ದು ನಿಂತು ಒಂದೇ ಉಸಿರಿಗೆ "ಗೋ, ವೆಂಟ್, ಗಾನ್, ಕಮ್, ಕೇಮ್, ಕಮ್" ಎಂದೆ. ಹುಡುಗರೆಲ್ಲ ಬೆಂಚು ಬಡಿದು ನಕ್ಕರು. ಕಾರಣ ಹೇಳಿದ ಮೇಲೆ ಮಾಸ್ತರರಿಗೂ ನಗು ತಡೆಯಲಿಲ್ಲ.

"ನಮ್ಮ ಮನ್ಯಾಗೂ ಹಂಗ ಐತಿ, ತಂಗಿ. ಆದ್ರ ಪೇಪರ ತಿದ್ದಾಂವ ಪುಣೇದಾಗ ಕುಂತಿರ್ತಾನ. ಅಂವಗ ನಿಮ್ಮ ಅಜ್ಜಿ ಗೊತ್ತಿಲ್ಲ ನೋಡು."

ಇದೆಲ್ಲ ಕೇಳಿ ನಮ್ಮ ಅಜ್ಜಿ ಹುಚ್ಚಿ ಎಂದುಕೊಳ್ಳಬೇಡಿ. ಆಕೆ ಕನ್ನಡಕ್ಕೂ ಅದನ್ನೇ ಮಾಡುತ್ತಿದ್ದಳು. ನಮ್ಮ ಮನೆಯಲ್ಲಿ ಬಳೆ ಒಡೆಯುತ್ತಿರಲಿಲ್ಲ, ಹೆಚ್ಚಾಗುತ್ತಿದ್ದವು. ಡಬ್ಬಿಯಲ್ಲಿ ಅಕ್ಕಿ ತೀರುತ್ತಿರಲಿಲ್ಲ, ಹೆಚ್ಚಾಗುತ್ತಿತ್ತು. ದೀಪ ಆರಿಸುವುದಿಲ್ಲ, ಶಾಂತ ಮಾಡುವುದು. ಒಂದು ಕೆಲಸಕ್ಕೆ ಎರಡು ಮಾತಿದ್ದರೆ ಯಾವುದನ್ನು ಎತ್ತಿಕೊಳ್ಳಬೇಕು, ಯಾವುದನ್ನು ಮುಟ್ಟಬಾರದು ಎಂಬುದನ್ನು ನಾವು ಹಾಲು ಹಲ್ಲಿನ ವಯಸ್ಸಿನಲ್ಲೇ ಕಲಿತಿದ್ದೆವು. ಚಿಕ್ಕಂದಿನಲ್ಲಿ ಎಣ್ಣೆ ತೀರಿದೆ ಎಂದು ಬಾಯಿ ತಪ್ಪಿ ಅಂದು ಬೆನ್ನಿಗೆ ಗುದ್ದು ತಿಂದದ್ದು ನನಗೆ ನೆನಪಿದೆ.

ಹೀಗೆ ಒಳ್ಳೆಯ ಕ್ರಿಯಾಪದಗಳು ಮನೆಯಲ್ಲಿ, ಕೆಟ್ಟವು ಹೊಳೆಯ ಮೆಟ್ಟಿಲ ಮೇಲೆ ಎಂದು ಪಾಲಾಯಿತು. ಬಟ್ಟೆ ಒಗೆಯಲು ಹೋದಾಗ, ಬಿಸಿಲು ನೆತ್ತಿಯ ಮೇಲಿರುವಾಗ, ಒಡೆಯುವುದು, ಬೀಳುವುದು, ಸಾಯುವುದು, ಕಳೆಯುವುದು ಎಲ್ಲವನ್ನೂ ಕಲ್ಲಿಗೆ ಬಟ್ಟೆ ಬಡಿಯುತ್ತ ಬಾಯಿಪಾಠ ಮಾಡುತ್ತಿದ್ದೆ. ನೇಮ ತಪ್ಪಲಿಲ್ಲ. ಕೆಟ್ಟ ಮಾತನ್ನು ಮನೆಯಲ್ಲಿ ಆಡುವುದಿಲ್ಲವೆಂದು ಅಜ್ಜಿಗೆ ಕೊಟ್ಟ ಮಾತಿಗೆ ನಾನಾಗಿ ಒಂದು ದಿನವೂ ಮೋಸ ಮಾಡಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಯಾರೂ ಇದನ್ನು ನಂಬಲಿಲ್ಲ.

ಆ ವರ್ಷವೇ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹುನಗುಂದದಲ್ಲಿ ಸೀಮಂತದ ಕುಬಸ ಮಾಡಿ, ಇಳಕಲ್ಲಿನ ಹಸಿರು ಸೀರೆ ಉಡಿಸಿ, ಕೈ ತುಂಬ ಹಸಿರು ಬಳೆ ಇಡಿಸಿ ಕಳಿಸಿದ್ದರು. ಮೋಟಾರಿನಿಂದ ಇಳಿದವಳೇ "ಏನ, ಇಂಗ್ಲೀಷ ರಾಣಿ, ಹ್ಯಾಂಗದೀ?" ಎಂದು ನನ್ನ ಕಿವಿ ಹಿಂಡಿದಳು. ಅವತ್ತು ನಾನು ಪಡಸಾಲೆಯಲ್ಲಿ ಗಟ್ಟಿಯಾಗಿ ಹೇಳಿದ ವಾಕ್ಯ 'ಮೈ ಸಿಸ್ಟರ್ ಹ್ಯಾಸ್ ಕಮ್'. ಅಜ್ಜಿ ಅರ್ಥ ಕೇಳಿದಳು. ಅಕ್ಕ ಬಂದಾಳ, ಬಂದು ಇಲ್ಲೇ ಇದ್ದಾಳ ಅಂತ, ಎಂದೆ.

"ಇದು ಛಲೋ ಅದ. ಇದನ್ನ ದಿನಾ ಅನ್ನು," ಎಂದಳು ಅಜ್ಜಿ.

ಅಕ್ಕ ಏಳನೆಯ ಇಯತ್ತೆ ಮುಗಿಸಿದವಳು, ಇಂಗ್ಲಿಷಿನ ಗಾಳಿ ಸೋಕದವಳು. ಆದರೆ ಕಿವಿ ಚುರುಕು. ನಾನು ಕೂಗುವುದನ್ನು ಕೇಳಿ ಕೇಳಿ ಆಕೆಗೂ ಬಂದುಬಿಟ್ಟಿತು. ಊಟ ಮಾಡಿ ಎದ್ದರೆ "ಐ ಹ್ಯಾವ್ ಈಟನ್" ಎನ್ನುವಳು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು "ಇದು ಬರೂದಕ್ಕ ಏನಂತಾರ?" ಎಂದು ಕೇಳುವಳು. 'ವಿಲ್ ಕಮ್' ಎಂದರೆ "ಇನ್ನೂ ವಿಲ್ ಏನ? ಲಗೂ ಹ್ಯಾಸ್ ಕಮ್ ಮಾಡು," ಎಂದು ನಗುವಳು. ಅವ್ವ ಆಕೆಯ ತಲೆ ಬಾಚುತ್ತಿದ್ದರೆ ನಾನು ಮಾಸ್ತರರ ದನಿ ತೆಗೆದು ಪ್ರಶ್ನೆ ಕೇಳುತ್ತಿದ್ದೆ. ಅಂಥ ಸುಖದ ದಿನಗಳು ಆ ಮನೆಯಲ್ಲಿ ಮತ್ತೆ ಬಂದದ್ದು ನನಗೆ ನೆನಪಿಲ್ಲ.

ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ಸಂಜೆ ಅಪ್ಪ ಕೋರ್ಟಿನಿಂದ ಬಂದು, ಕೋಟು ಗೂಟಕ್ಕೆ ಸಿಗಿಸಿ, ಯಾವತ್ತೂ ಇಲ್ಲದ್ದು ಅವತ್ತು "ಪುಸ್ತಕ ತಾ ಇಲ್ಲೆ, ಕೇಳ್ತೇನಿ" ಎಂದ. ನನಗೆ ಕೋಡು ಮೂಡಿದ ಹಾಗಾಯಿತು. ಪುಸ್ತಕದ ಕೊನೆಯಲ್ಲಿ ಅಚ್ಚಾದ ಪಟ್ಟಿಯ ಮೇಲೆ ಅಪ್ಪ ಬೆರಳು ಇಳಿಸುತ್ತ ಹೋದ, ನಾನು ಹೇಳುತ್ತ ಹೋದೆ. ಕಟ್, ಕಟ್, ಕಟ್. ಆತನ ಮನಸ್ಸು ಇನ್ನೂ ಕೋರ್ಟಿನಲ್ಲೇ ಇತ್ತೋ ಏನೋ. ಬೆರಳು ಇಳಿಯಿತು, ಬಾಯಿ ಕೇಳಿತು.

"ಡೈ?"

"ಡೈ, ಡೈಡ್, ಡೈಡ್."

ಬಾಣದ ಹಾಗೆ ಉತ್ತರ ಹೋಯಿತು. ಅಪ್ಪ ಕೇಳಿದರೆ ನಿಲ್ಲಿಸಿ ಯೋಚನೆ ಮಾಡುವವರು ಯಾರು? ಅಷ್ಟು ಹೊತ್ತಿಗೆ ಸರಿಯಾಗಿ ಅಜ್ಜಿ ದೇವರ ಮನೆಯಿಂದ ತುಳಸಿಗೆ ದೀಪ ಹಿಡಿದು ಹೊರಗೆ ಬಂದಳು. ಅಕ್ಕ ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದಳು.

"ಏನ ಹಂಗಂದ್ರ?" ಅಜ್ಜಿ ಎಂದಿನಂತೆ ಕೇಳಿದಳು.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಪುಸ್ತಕದಲ್ಲಿ ಮುಖ ಹುದುಗಿಸಿದ್ದ. ಆತ ಬೇರೆ ಏನಾದರೂ ಅರ್ಥ ಹೇಳಬಹುದಿತ್ತು. 'ನಾನ ಕೇಳಿದೆ ಅವ್ವಾ' ಅನ್ನಬಹುದಿತ್ತು. ಏನೂ ಅನ್ನಲಿಲ್ಲ. ಅಜ್ಜಿಗೆ ಸುಳ್ಳು ಹೇಳಿ ನನಗೆ ರೂಢಿಯಿಲ್ಲ. "ಸಾಯೋದು," ಎಂದೆ.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದೀಪವನ್ನು ಸೆರಗಿನಿಂದ ಮರೆಮಾಡಿಕೊಂಡು ಅಕ್ಕನ ಹೊಟ್ಟೆಯ ಕಡೆ ಒಮ್ಮೆ ನೋಡಿ, ತುಳಸಿಯ ಹತ್ತಿರ ಹೋಗಿ ಬಹಳ ಹೊತ್ತು ನಿಂತಳು.

ಆ ವಾರದಲ್ಲೇ ಅಕ್ಕನಿಗೆ ಬೇನೆ ಶುರುವಾಯಿತು. ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನ ಇಳಿದರೂ ಮುಗಿಯಲಿಲ್ಲ. ಸರಕಾರಿ ದವಾಖಾನೆಯಿಂದ ನರ್ಸಬಾಯಿಯನ್ನು ಟಾಂಗಾದಲ್ಲಿ ಕರೆತಂದರು. ಕೂಸು ಬಂತು. ಗಂಡು. ಅಳಲಿಲ್ಲ. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತಂತೆ. "ಎಷ್ಟೋ ಸಲ ಹಿಂಗ ಆಗ್ತೈತ್ರಿ, ಯಾರ ತಪ್ಪೂ ಅಲ್ಲ," ಎಂದು ಆಕೆ ಕೈ ತೊಳೆಯುತ್ತ ಹೇಳಿದ್ದನ್ನು ನಾನು ನನ್ನ ಕಿವಿಯಿಂದ ಕೇಳಿದೆ. ಆಕೆಯ ಕೈಗೆ ನೀರು ಹಾಕುತ್ತಿದ್ದವಳೇ ನಾನು. ಆ ಮಾತು ನನ್ನ ಹೊರತು ಇನ್ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ. ಅಪ್ಪ ಬಿಳೀ ಬಟ್ಟೆಯಲ್ಲಿ ಸುತ್ತಿದ್ದನ್ನು ಎದೆಗವಚಿಕೊಂಡು ಹೊಳೆಯ ಕಡೆ ಹೋದ. ಮರಳಿ ಬರುವಾಗ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಆತನಿಗೆ ತಿಳಿಯುತ್ತಿರಲಿಲ್ಲ.

ಮಾರನೆಯ ದಿನ ಅಜ್ಜಿ ಬಾಯಿ ಬಿಟ್ಟಳು. ಕೂಗಾಡಲಿಲ್ಲ, ಸಾವಕಾಶವಾಗಿ, ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದಳು.

"ಇದರ ನಾಲಗಿ ಮ್ಯಾಲೆ ಬಂತು, ಆತು. ಬಸರಿ ಕೂತಿದ್ದಳು, ನಾ ದೀಪ ಹಿಡದಿದ್ದೆ, ಇದು ಅಂತು. ಅಸ್ತು ಅಂದ್ವು. ಇನ್ನ ಆ ವಿದ್ಯಾ ಈ ಮನ್ಯಾಗ ಬ್ಯಾಡ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಕಂಬದ ಹತ್ತಿರ ನಿಂತಿದ್ದ. ನಾನು ಕಾದೆ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. ಕೇಳಿದ್ದು ತಾನೆಂದು ಒಂದೇ ಒಂದು ಮಾತು. ಊರ ಮಂದಿಯ ಸಾಕ್ಷಿಯನ್ನೆಲ್ಲ ಬರೆದಿಡುವ ಮನುಷ್ಯ ತನ್ನ ಮಗಳಿಗೆ ಸಾಕ್ಷಿ ಹೇಳಲಿಲ್ಲ! ನನ್ನ ಇಂಗ್ಲಿಷ್ ಪುಸ್ತಕ ಎತ್ತಿಕೊಂಡು ಏಣಿ ಹತ್ತಿ ಅಟ್ಟದ ಮೇಲಿಟ್ಟು ಇಳಿದ. ಆ ಹೊತ್ತು ನಾನು ಅಪ್ಪನನ್ನು ದ್ವೇಷಿಸಿದಷ್ಟು ಯಾರನ್ನೂ ದ್ವೇಷಿಸಿಲ್ಲ.

ನನ್ನ ಶಾಲೆ ನಿಂತಿತು. ಅಡಿಗೆಮನೆಯಲ್ಲಿ ಅವ್ವನ ಜೊತೆ ರೊಟ್ಟಿ ಬಡಿಯುವುದು, ಬಾವಿಯ ನೀರು ತರುವುದು. ಕೆಲಸಕ್ಕೆ ನಾನು ಅಂಜಿದವಳಲ್ಲ. ಅಂಜಿಕೆ ಬೇರೆಯೇ ಇತ್ತು. ನರ್ಸಬಾಯಿಯ ಮಾತು ಕೇಳಿಯೂ, ಇಂಗ್ಲೀಷರ ದೇಶದಲ್ಲಿ ಮಕ್ಕಳು ದಿನಾ ಸಂಜೆ ಇದೇ ಮಾತು ಓದುವುದಿಲ್ಲವೇ ಎಂದು ಎಷ್ಟು ವಾದ ಹೂಡಿದರೂ, ಒಳಗೊಂದು ಹುಳ ಕೊರೆಯುತ್ತಿತ್ತು. ಅಂದದ್ದು ನಾನೇ ಅಲ್ಲವೇ? ಅಂದ ಮೇಲೆ ಆದದ್ದು ನಿಜವೇ ಅಲ್ಲವೇ? ಹದಿಮೂರರ ಹುಡುಗಿಗೆ ಇದಕ್ಕೆ ಉತ್ತರ ಎಲ್ಲಿಂದ ಬರಬೇಕು.

ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಅಕ್ಕನ ಮೌನ. ಬಾಣಂತಿಯ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಹಾಲು ನಿಲ್ಲಲೆಂದು ಅವ್ವ ಆಕೆಯ ಎದೆಗೆ ಮಲ್ಲಿಗೆ ಹೂ ಇಟ್ಟು ಬಟ್ಟೆ ಬಿಗಿದಿದ್ದಳು. ಆ ಕೋಣೆಯೊಳಗೆ ಹೋದರೆ ಹೂವಿನ ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಇವತ್ತಿಗೂ ನಾನು ಮಲ್ಲಿಗೆ ಮುಡಿಯುವುದಿಲ್ಲ. ಊಟದ ತಾಟು ಇಟ್ಟರೆ ಅಕ್ಕ ಹೊರಳಿಯೂ ನೋಡುತ್ತಿರಲಿಲ್ಲ. ಆಕೆ ಅಳಲೂ ಇಲ್ಲ. ಬಂದವರು ಹೋದವರು "ಹಂಗಾತಲ್ಲ," "ಏನೋ ಆಗಿಹೋತು," "ಮುಂದ ಛಲೋ ಆಗ್ತದ," ಎನ್ನುತ್ತಿದ್ದರು. ಅಕ್ಕ ಗೋಡೆ ನೋಡುತ್ತಿದ್ದಳು. ನನ್ನ ಮೇಲಿನ ಸಿಟ್ಟಿಗೇ ಹೀಗೆ ಎಂದು ನಾನು ತಿಳಿದುಕೊಂಡೆ.

ಒಂದು ದಿನ ಬೇವೂರಿನ ಮಾಸ್ತರರು ಮನೆಗೇ ಬಂದರು. ಸೈಕಲ್ಲನ್ನು ಗೋಡೆಗೆ ಒರಗಿಸಿ, ಒಳಗೆ ಬರದೆ ಕಟ್ಟೆಯ ಹತ್ತಿರವೇ ನಿಂತರು.

"ಹುಡುಗಿ ಯಾಕ ಬರವಲ್ಲಳ್ರೀ, ರಾಯರ?"

"ಮನ್ಯಾಗ ಸ್ವಲ್ಪ ಅಡಚಣಿ ಅದ, ಮಾಸ್ತರ," ಎಂದ ಅಪ್ಪ.

"ಕೇಳೀನ್ರಿ, ಭಾಳ ಕೆಟ್ಟ ಆತು. ಆದ್ರ ಈ ತಿಂಗಳ ಕಡೀಕ ಇಂಗ್ಲೀಷ್ ತಗೊಂಡವರ ಹೆಸರು ಮ್ಯಾಲೆ ಕಳಿಸ್ಬೇಕ್ರಿ. ಒಮ್ಮೆ ಬಿಟ್ಟು ಹೋದ್ರ ನಡಬರಕ ಸೇರಸಾಕ ಬರೂದಿಲ್ಲ. ಚುರುಕ ಹುಡುಗೀರಿ. ವಿಚಾರ ಮಾಡ್ರಿ."

ಅಪ್ಪ "ನೋಡೋಣಂತ," ಎಂದ. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿದೆ. ಅಪ್ಪನ 'ನೋಡೋಣಂತ' ಎಂದರೆ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ತಿಂಗಳು ಮುಗಿಯಲು ಇನ್ನು ಬಹಳ ದಿನ ಉಳಿದಿರಲಿಲ್ಲ.

ಅದಾದ ಒಂದೆರಡು ದಿನಕ್ಕೆ, ಇಳಿಹೊತ್ತಿನಲ್ಲಿ ಅಕ್ಕನಿಗೆ ನೀರು ಕೊಡಲು ಹೋಗಿದ್ದೆ. ತಂಬಿಗೆ ಇಟ್ಟು ತಿರುಗಿದೆ.

"ಕೂಡು ಇಲ್ಲೆ," ಎಂದಳು ಅಕ್ಕ.

ಅಷ್ಟು ದಿನಗಳ ಮೇಲೆ ಆಕೆ ನನ್ನ ಜೊತೆ ಆಡಿದ ಮೊದಲ ಮಾತು. ಹಾಸಿಗೆಯ ಅಂಚಿಗೆ ಕೂತೆ.

"ಅಕ್ಕಾ, ನಾ ಬೇಕಂತ ಅಂದಿಲ್ಲ. ಅಪ್ಪ ಕೇಳಿದಾ, ನಾ..."

"ಹುಚ್ಚಿ ಇದ್ದೀ ಏನ? ನಾ ಅಲ್ಲೇ ಕೂತಿದ್ನೆಲ್ಲ. ನೀ ಅಂದಿದ್ದಕ್ಕ ಕೂಸು ಹೋಗೂದಿದ್ರ, ಅದಕ್ಕಿಂತ ಮೊದಲ ನಾ ದಿನಾ ನೂರು ಸಲ ಬಾ ಬಾ ಅಂದಿದ್ದೆ. ಅದಕ್ಯಾಕ ಯಾರೂ ಅಸ್ತು ಅನ್ನಲಿಲ್ಲ?"

ಅಕ್ಕ ಎದ್ದು ಕೂತಳು. ಮುಖ ಬಾಡಿ ಸಣ್ಣದಾಗಿತ್ತು, ಕಣ್ಣು ಮಾತ್ರ ಕೆಂಡ.

"ಈ ಮನ್ಯಾಗ ಬಳಿ ಒಡದ್ರ ಹೆಚ್ಚಾದ್ವು ಅಂತಾರ. ಅಕ್ಕಿ ತೀರಿದ್ರ ಹೆಚ್ಚಾತು ಅಂತಾರ. ಈಗ ಬಂದವರೆಲ್ಲ ಹಂಗಾತು, ಹಂಗಾತು ಅಂತಾರ. ಹ್ಯಾಂಗಾತು? ಒಬ್ಬರರೆ ಬಾಯಿ ಬಿಟ್ಟು ಖರೆ ಮಾತು ಅನ್ನವಲ್ಲರು. ನಾ ಕಳಕೊಂಡೇನಿ. ನನ್ನ ಕೂಸು ನಾ ಕಳಕೊಂಡೇನಿ. ಹಂಗ ಅಂದ್ರ ಅವ್ವ ನನ್ನ ಬಾಯಿ ಮುಚ್ಚತಾಳ. ಅದಕ್ಕ ನಿನ್ನ ಇಂಗ್ಲೀಷಿನ್ಯಾಗ ಒಂದು ಮಾತಿತ್ತಲ್ಲ, ಅಜ್ಜಿ ಹೊರಗ ಹಾಕಿದ್ದು? ಹೇಳು."

"ಲೂಸ್, ಲಾಸ್ಟ್, ಲಾಸ್ಟ್," ಎಂದೆ, ಪಿಸುಗುಟ್ಟುತ್ತ.

"ಲೂಸ್, ಲಾಸ್ಟ್, ಲಾಸ್ಟ್." ಆಕೆ ನಿಧಾನವಾಗಿ, ಒಂದೊಂದನ್ನೂ ಹಲ್ಲಿನಲ್ಲಿ ಕಚ್ಚಿ ನೋಡುವವಳ ಹಾಗೆ ಹೇಳಿದಳು. "ನಾ ಅಂತ ಸೇರಿಸಿದ್ರ? ಐ ಲಾಸ್ಟ್ ಅನ್ನಬೇಕೋ, ಐ ಹ್ಯಾವ್ ಲಾಸ್ಟ್ ಅನ್ನಬೇಕೋ?"

ಮಾಸ್ತರರು ಕಲಿಸಿದ್ದೊಂದೇ ನನಗೆ ಗೊತ್ತಿದ್ದದ್ದು. "ಆಗಿ ಮುಗದಿದ್ರ ಐ ಲಾಸ್ಟ್. ಆಗಿದ್ದು ಇನ್ನೂ ಇಲ್ಲೇ ಇದ್ದರ ಐ ಹ್ಯಾವ್ ಲಾಸ್ಟ್."

"ಹಂಗಾರ ಐ ಹ್ಯಾವ್," ಎಂದಳು ಅಕ್ಕ.

ಮತ್ತೆ ಮತ್ತೆ ಹೇಳಿದಳು. ದನಿ ಏರುತ್ತ ಹೋಯಿತು. ನಾನೂ ಸೇರಿಕೊಂಡೆ, ತಡೆಯುವುದು ಹೇಗೆಂದು ತಿಳಿಯದೆ. ಹೊರಗೆ ಹೊತ್ತು ಮುಳುಗಿದ್ದು ನಮಗೆ ಗೊತ್ತಾಗಲಿಲ್ಲ. ಬಾಗಿಲಲ್ಲಿ ಬೆಳಕು ಬಿತ್ತು. ನೋಡಿದರೆ ಅಜ್ಜಿ, ಕೈಯಲ್ಲಿ ತುಳಸಿಯ ದೀಪ. ಆಕೆ ಅರ್ಥ ಕೇಳಿದ್ದ ಕೆಟ್ಟ ಮಾತುಗಳಲ್ಲಿ ಇದೂ ಒಂದು. ಆದರೆ ಅಜ್ಜಿಗೆ ಇಂಗ್ಲಿಷೆಲ್ಲ ಒಂದೇ ಸದ್ದು. ಅರ್ಥ ನೆನಪಿರುತ್ತಿತ್ತು, ಮಾತು ನೆನಪಿರುತ್ತಿರಲಿಲ್ಲ.

"ಮತ್ತ ಹಚ್ಚೀರಿ? ಏನ ಹಂಗಂದ್ರ?"

ನಾನು ಬಾಯಿ ತೆರೆದೆ. ಅಕ್ಕ ನನ್ನ ಮೊಣಕೈ ಹಿಡಿದು ಒತ್ತಿದಳು.

"ಹಡಿಯೂದು ಅಂತ, ಅಜ್ಜಿ," ಎಂದಳು. "ಹಡಿತೇನಿ, ಹಡದೆ, ಹಡದೇನಿ."

ಅಜ್ಜಿ ಆಕೆಯ ಮುಖ ನೋಡಿದಳು. ನನ್ನ ಮುಖ ನೋಡಿದಳು. ನನ್ನ ಮುಖದ ಮೇಲೆ ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ. ಹಿಂದೆ ತಿರುಗಿ, ಪಡಸಾಲೆಯಲ್ಲಿ ಕೂತಿದ್ದ ಅಪ್ಪನನ್ನು ಕೂಗಿದಳು.

"ಏನೋ, ಕೇಳ್ತದೇನ? ಲೂಸು ಅಂದ್ರ ಹಡಿಯೂದೇನ?"

ಅಪ್ಪ ಎದ್ದು ಬಾಗಿಲ ಹತ್ತಿರ ಬಂದ. ಎಲ್ಲವನ್ನೂ ಕೇಳಿಸಿಕೊಂಡಿದ್ದ ಎಂಬುದು 'ಏನಾಯಿತು' ಎಂದು ಆತ ಕೇಳದೆ ಇದ್ದದ್ದರಿಂದಲೇ ತಿಳಿಯಿತು. ಅಕ್ಕ ಹಾಸಿಗೆಯ ಮೇಲೆ ಕೂತು ಅಪ್ಪನನ್ನೇ ನೋಡಿದಳು, ಕಣ್ಣು ಮಿಟುಕಿಸಲಿಲ್ಲ. ನನಗೆ ಗೊತ್ತಿತ್ತು, ಆತ ಸುಮ್ಮನಿರುತ್ತಾನೆ. ಸುಮ್ಮನಿದ್ದರೆ ಸಾಕು, ಅಜ್ಜಿಗೆ ಎಲ್ಲ ತಿಳಿಯುತ್ತದೆ. ಆಮೇಲೆ ನನ್ನ ಹೆಸರೂ ಇಲ್ಲ, ಪುಸ್ತಕವೂ ಇಲ್ಲ, ಅಕ್ಕನ ಪಾಲಿಗೆ ಆ ಮಾತೂ ಇಲ್ಲ.

"ಹೌದವ್ವಾ," ಎಂದ ಅಪ್ಪ. ಗಂಟಲು ಸರಿ ಮಾಡಿಕೊಂಡ. "ಹಡಿಯೂದು. ಅದ ಅರ್ಥ."

ಮಗ ದೇವರ ಮುಂದೆಯೂ ಸುಳ್ಳಾಡದವನೆಂದು ಅಜ್ಜಿ ಊರಿಗೆಲ್ಲ ಹೇಳಿಕೊಂಡು ತಿರುಗಿದವಳು. ಆಕೆಯ ಮುಖ ಅರಳಿತು. ಎಷ್ಟೋ ದಿನಗಳ ಮೇಲೆ ಅರಳಿತು.

"ನೋಡು, ಇಂಥಾ ಛಲೋ ಮಾತೂ ಅವ ಅದರೊಳಗ! ಏಳ್ರಿ, ಏಳ್ರಿ. ದೀಪದ ಮುಂದ ಬಂದು ಅನ್ರಿ. ಈ ಹೊತ್ತು ತಪ್ಪಬಾರದು. ಏಳ, ನಮ್ಮವ್ವಾ, ನೀನ ಅನ್ನಬೇಕು ಮೊದಲ."

ಅಕ್ಕನನ್ನು ರಟ್ಟೆ ಹಿಡಿದು ಎಬ್ಬಿಸಿ, ಪಡಸಾಲೆಗೆ ಕರೆತಂದು, ತುಳಸಿಗೆ ಒಯ್ಯಬೇಕಾದ ದೀಪವನ್ನು ನೆಲದ ಮೇಲಿಟ್ಟು, ಎದುರಿಗೆ ಕೂರಿಸಿದಳು. ನಾನು ಪಕ್ಕದಲ್ಲಿ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಅಕ್ಕ ಹೇಳಿದಳು. ಲೂಸ್, ಲಾಸ್ಟ್, ಲಾಸ್ಟ್. ಅಜ್ಜಿ ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿ, "ಅಸ್ತು," ಎಂದಳು. "ಇನ್ನೊಮ್ಮೆ ಅನ್ನು." ಅಕ್ಕ ಅಂದಳು. "ಅಸ್ತು." ಮೂರನೆಯ ಸಲಕ್ಕೆ ಅಕ್ಕನ ಮಾತು ನಡುವೆಯೇ ಮುರಿಯಿತು. ಅಜ್ಜಿಯ ತೊಡೆಯ ಮೇಲೆ ಬೋರಲು ಬಿದ್ದು, ಓಣಿಗೆ ಕೇಳುವ ಹಾಗೆ ಅತ್ತಳು. ಕೂಸು ಹೋದ ಮೇಲೆ ಆಕೆ ಮೊದಲು ಅತ್ತದ್ದು ಆಗ. ಅಜ್ಜಿ ಬೆನ್ನು ಸವರುತ್ತ, "ಆಗ್ತಾವ ತಂಗಿ, ಆಗ್ತಾವ, ಅಂದೀಯಲ್ಲ, ಆಗ್ತಾವ," ಎನ್ನುತ್ತಿದ್ದಳು. ಅಪ್ಪ ಗೂಟಕ್ಕೆ ಸಿಗಿಸಿದ್ದ ಕೋಟಿನ ಕಡೆ ತಿರುಗಿ ನಿಂತಿದ್ದ. ಕೋಟಿನಲ್ಲಿ ಆತನಿಗೆ ಬೇಕಾದದ್ದೇನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ಏಣಿ ಹಾಕಿದ. ಪುಸ್ತಕದ ಧೂಳು ಜಾಡಿಸಿ ನನ್ನ ಕೈಗೆ ಕೊಟ್ಟ. "ಸಾಲಿಗೆ ಹೋಗು," ಎಂದ. ನಾನು ಆತನ ಜೊತೆ ಮಾತಾಡದೆ ಎಷ್ಟೋ ದಿನವಾಗಿತ್ತು. "ಹೋಗಿ ಬರ್ತೇನಿ, ಅಪ್ಪಾ," ಎಂದೆ. ತಿಂಗಳು ಮುಗಿಯುವ ಮೊದಲೇ ಮಾಸ್ತರರು ನನ್ನ ಹೆಸರನ್ನು ಕಳಿಸಿದರು.

ಅಕ್ಕ ಹುನಗುಂದಕ್ಕೆ ಮರಳುವವರೆಗೂ ದಿನಾ ಸಂಜೆ ದೀಪದ ಮುಂದೆ ಆ ಮಾತು ನಡೆಯಿತು. ಅಜ್ಜಿಗೂ ಬಾಯಿಗೆ ಹತ್ತಿತು. ಇಡೀ ಇಂಗ್ಲಿಷಿನಲ್ಲಿ ಆಕೆ ಕಲಿತದ್ದು ಅದೊಂದೇ. ನಿಜ ಹೇಳಿಬಿಡಲೇ ಎಂದು ಒಂದು ಸಲ ಅಕ್ಕನನ್ನು ಕೇಳಿದೆ. "ಬ್ಯಾಡ," ಎಂದಳು. "ಆಕಿ ಒಬ್ಬಾಕಿನರೆ ನನ್ನ ಜೋಡಿ ಅನ್ನಾಕತ್ತಾಳ. ಅನ್ಲಿ."

ಹೊರಡುವ ದಿನ ಟಾಂಗಾ ಬಾಗಿಲಿಗೆ ಬಂದು ನಿಂತಿತ್ತು. ಅಕ್ಕ ಅದೇ ಇಳಕಲ್ಲಿನ ಹಸಿರು ಸೀರೆ ಉಟ್ಟಿದ್ದಳು. ಉಡಿ ತುಂಬಿದ್ದಾಯಿತು, ಅವ್ವ ಅತ್ತದ್ದಾಯಿತು. ಅಕ್ಕ ಅಜ್ಜಿಯ ಕಾಲಿಗೆ ಬಿದ್ದಳು. ಅಜ್ಜಿ ಎಂದಿನ ಹಾಗೆ 'ಹೋಗಿ ಬಾ' ಅನ್ನಲಿಲ್ಲ. ಮೊಮ್ಮಗಳ ತಲೆಯ ಮೇಲೆ ಎರಡೂ ಕೈ ಇಟ್ಟು, ಹಲ್ಲಿಲ್ಲದ ಬಾಯಿಂದ, ತನಗೆ ಗೊತ್ತಿದ್ದ ಅತ್ಯಂತ ದೊಡ್ಡ ಆಶೀರ್ವಾದ ಮಾಡಿದಳು.

"ಲೂಸು, ಲಾಷ್ಟು, ಲಾಷ್ಟು."

ಅಕ್ಕ ತಲೆ ಎತ್ತದೆ, ಆ ಕಾಲುಗಳನ್ನು ಹಿಡಿದುಕೊಂಡೇ, "ಅಸ್ತು, ಅಜ್ಜಿ," ಎಂದಳು.